ಮೋಯಾಬ್‌ಗೆ ಸೈಕಲ್ ತುಳಿಯೋಕೆ ಹೋಗ್ತೀರಾ? ಅರ್ಧ ದಿನ ದಾರಿ ರಿಪೇರಿಗೂ ಇಟ್ಟುಕೊಳ್ಳಿ

ಸೆಪ್ಟೆಂಬರ್ ಕೊನೆಯಲ್ಲಿ ಅಮೆರಿಕದ ಯೂಟಾ ರಾಜ್ಯದ ಮೋಯಾಬ್‌ಗೆ ಮೂರು ಜನ ಹೋಗಿದ್ದೆವು. ಸಾಲ್ಟ್ ಲೇಕ್ ಸಿಟಿಯವರೆಗೆ ವಿಮಾನ, ಅಲ್ಲಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ. ಸೈಕಲ್ ಊರಲ್ಲೇ ಬಾಡಿಗೆಗೆ ಸಿಗುತ್ತದೆ, ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಷನ್ ಇರುವುದನ್ನೇ ಕೇಳಿ ತಗೊಳ್ಳಿ. ಜುಲೈಯಲ್ಲಂತೂ ಹೋಗಬೇಡಿ, ಬಂಡೆ ಕಾದ ಹೆಂಚಾಗಿರುತ್ತದೆ.

ಎಲ್ಲರೂ ಮೊದಲು ಕೇಳುವುದು ಸ್ಲಿಕ್‌ರಾಕ್ ಟ್ರೇಲ್ ಬಗ್ಗೆ. ಸುಮಾರು 10 ಮೈಲಿ. 1969ರಲ್ಲಿ ಮೋಟಾರ್ ಸೈಕಲ್‌ನವರಿಗೆ ಅಂತ ಗುರುತು ಮಾಡಿದ ದಾರಿ, ಈಗಲೂ ಅವರು ಬರುತ್ತಾರೆ. ಸ್ಲಿಕ್‌ರಾಕ್ ಅಂದರೆ ಜಾರುವ ಬಂಡೆ, ಆದರೆ ಹೆಸರು ಕೇಳಿ ಜಾರುತ್ತದೆ ಅಂದುಕೊಳ್ಳಬೇಡಿ. ಜಾರುತ್ತಿದ್ದದ್ದು ಕುದುರೆ ಲಾಳ, ರಬ್ಬರ್ ಟೈರಿಗೆ ಆ ಮರಳುಗಲ್ಲು ಉಪ್ಪುಕಾಗದ ಇದ್ದ ಹಾಗೆ, ಕಚ್ಚಿ ಹಿಡಿಯುತ್ತದೆ. ನೀರು ಅಲ್ಲೆಲ್ಲೂ ಸಿಗುವುದಿಲ್ಲ, ತಲೆಗೆ ನಾಲ್ಕು ಲೀಟರ್ ಹೊತ್ತುಕೊಂಡೇ ಹೋಗಿ. ಬಂಡೆಯ ಮೇಲೆ ಬಿಳಿ ಬಣ್ಣದ ಗೆರೆಗಳಿವೆ, ಅದನ್ನು ಬಿಟ್ಟು ಆಚೆ ಈಚೆ ಹೋಗಬೇಡಿ. ಮಳೆ ಬಂದಿದ್ದರೆ ಬಂಡೆಯ ಗುಳಿಗಳಲ್ಲಿ ನೀರು ನಿಂತಿರುತ್ತದೆ, ಅದರೊಳಗೆ ಪುಟ್ಟ ಪುಟ್ಟ ಸೀಗಡಿಯಂಥ ಜೀವಿಗಳು ಇರುತ್ತವೆ. ಚಕ್ರ ಅದರಲ್ಲಿ ಇಳಿಸಬೇಡಿ, ಪಕ್ಕದಿಂದ ಬನ್ನಿ.

ಬಂಡೆಗಾದರೂ ತಡೆದುಕೊಳ್ಳುವ ಶಕ್ತಿ ಇದೆ. ನನಗೆ ಸಂಕಟವಾಗುವುದು ಮಣ್ಣಿನ ವಿಷಯಕ್ಕೆ. ಟ್ರೇಲ್ ಪಕ್ಕದಲ್ಲಿ ಕಪ್ಪಗೆ, ಉಬ್ಬುತಗ್ಗಾಗಿ, ಗಾಯದ ಹಕ್ಕಳೆಯಂತೆ ಕಾಣುವ ನೆಲ ಇದೆಯಲ್ಲ, ಅದು ಜೀವಂತ. ಸಯಾನೊಬ್ಯಾಕ್ಟೀರಿಯಾ ಅನ್ನುವ ಸೂಕ್ಷ್ಮಜೀವಿಗಳು, ಕಲ್ಲುಹೂವು, ಪಾಚಿ ಸೇರಿ ಮರಳಿನ ಕಣಗಳನ್ನು ನೂಲಿನಿಂದ ಹೊಲಿದ ಹಾಗೆ ಹಿಡಿದಿಟ್ಟಿರುತ್ತವೆ. ಗಾಳಿಗೆ ಮಣ್ಣು ಹಾರದಿರುವುದು, ಗಿಡಗಳಿಗೆ ಸಾರಜನಕ ಸಿಗುವುದು ಅದರಿಂದಲೇ. ಕಾಲಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತದೆ. ಮತ್ತೆ ಕೂಡಿಕೊಳ್ಳಲು ಎಷ್ಟೋ ವರ್ಷ, ಕೆಲವು ಕಡೆ ದಶಕಗಳೇ ಬೇಕು. ಟೈರಿನ ಗುರುತು ಹೆಜ್ಜೆಗಿಂತ ಕೆಟ್ಟದ್ದು, ಉದ್ದಕ್ಕೆ ಕಾಲುವೆ ತೋಡಿದ ಹಾಗಾಗಿ ಮಳೆನೀರು ಅದರಲ್ಲೇ ಓಡುತ್ತದೆ. ಫೋಟೋಗೆ ಅಂತ ಪಕ್ಕಕ್ಕೆ ಹೋಗಿ ನಿಲ್ಲುತ್ತೀವಲ್ಲ, ದಯವಿಟ್ಟು ಕಲ್ಲಿನ ಮೇಲೆ ನಿಲ್ಲಿ.

ಮೂರನೇ ದಿನ ಬೆಳಿಗ್ಗೆ ಸ್ವಯಂಸೇವಕರ ಜೊತೆ ಕೆಲಸಕ್ಕೆ ಹೋದೆವು. ಊರಿಂದ ಉತ್ತರಕ್ಕೆ ಏಳೆಂಟು ಮೈಲಿ, ಬಾರ್ ಎಂ ಅನ್ನುವ ಜಾಗದ ಟ್ರೇಲ್‌ಗಳು. ಒಂದು ತಿರುವಿನಲ್ಲಿ ಮೊಣಕಾಲೆತ್ತರದ ಕಲ್ಲಿನ ಮೆಟ್ಟಿಲು. ಅದನ್ನು ಹತ್ತಲಾಗದವರು ಪಕ್ಕದಿಂದ ಸುತ್ತಿ ಹೋಗಿ ಹೋಗಿ, ಒಂದೇ ಸೈಕಲ್ ಹೋಗುವಷ್ಟಿದ್ದ ದಾರಿ ಎತ್ತಿನಗಾಡಿ ಹೋಗುವಷ್ಟು ಅಗಲವಾಗಿತ್ತು. ಇಳಿದು ಸೈಕಲ್ ತಳ್ಳಿಕೊಂಡು ಹೋಗಿದ್ದರೆ ಆಗುತ್ತಿತ್ತು, ಅಲ್ವಾ? ನಮ್ಮ ಕೆಲಸ ಆ ಅಡ್ಡದಾರಿ ಮುಚ್ಚುವುದು. ಒಣಗಿದ ಹಳ್ಳದಿಂದ ಕಲ್ಲು ತಂದೆವು, ಕಪ್ಪು ಮಣ್ಣು ತುಳಿಯದಂತೆ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸುತ್ತಾ. ಕಲ್ಲನ್ನು ಸುಮ್ನೆ ಮೇಲಿಟ್ಟರೆ ಉರುಳುತ್ತದೆ, ಅರ್ಧ ಹೂಳಬೇಕು. ಒಣ ಜೂನಿಪರ್ ಕೊಂಬೆಗಳನ್ನು ನೆಟ್ಟಗೆ ನಿಲ್ಲಿಸಿ ನೆಟ್ಟೆವು, ಸತ್ತ ಪೊದೆಯ ಹಾಗೆ ಕಂಡರೆ ಯಾರೂ ಆ ಕಡೆ ಚಕ್ರ ತಿರುಗಿಸುವುದಿಲ್ಲ. ಕೊನೆಗೆ ಹಳೇ ಟೈರ್ ಗುರುತುಗಳನ್ನು ಕೆದಕಿ ಅಳಿಸಿದೆವು. ಅದಕ್ಕೆ ಮೆಕ್ಲಾಡ್ ಅಂತ ಒಂದು ಸಲಕರಣೆ, ಒಂದು ಕಡೆ ಅಗಲ ಗುದ್ದಲಿ, ಇನ್ನೊಂದು ಕಡೆ ಹಲ್ಲು. ಮೂರು ಗಂಟೆಯಲ್ಲಿ ಬೆನ್ನು ಹಿಡಿದುಕೊಂಡಿತು, ಆದರೆ ಅಷ್ಟು ಸಂತೋಷ ನನಗೆ ಯಾವ ಇಳಿಜಾರಿನಲ್ಲೂ ಆಗಿರಲಿಲ್ಲ.

ನೀವೂ ಹೋಗಿ. ಕೈಗವಸು, ಉದ್ದ ಪ್ಯಾಂಟು, ಟೋಪಿ ಇರಲಿ. ಸೈಕಲ್ ಅಂಗಡಿಯಲ್ಲಿ ಕೇಳಿದರೆ ಈ ವಾರ ಎಲ್ಲಿ ಕೆಲಸ ಇದೆ ಅಂತ ಹೇಳುತ್ತಾರೆ. ನಿಮ್ಮಷ್ಟಕ್ಕೆ ನೀವೇ ಗುದ್ದಲಿ ಹಿಡಿದು ಹೊಸ ದಾರಿ ಮಾಡಲು ಹೋಗಬೇಡಿ, ಅದು ಸರ್ಕಾರಿ ಜಮೀನು, ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ.

ಇನ್ನು ದಾರಿ ಬಿಡುವ ಕ್ರಮ: ನಡೆಯುವವರಿಗೆ, ಕುದುರೆಗೆ ನಾವು ನಿಲ್ಲಬೇಕು. ಇಳಿಯುವವರು ಹತ್ತುವವರಿಗೆ ಬಿಡಬೇಕು. ಪಕ್ಕಕ್ಕೆ ಸರಿಯುವಾಗಲೂ ಒಂದು ಕಾಲು ಟ್ರೇಲ್ ಮೇಲೇ ಇರಲಿ. ಮಳೆ ಬಿದ್ದು ಮಣ್ಣು ಟೈರಿಗೆ ಅಂಟುತ್ತಿದ್ದರೆ ವಾಪಸ್ ಬಂದುಬಿಡಿ.

ಹೊರಡುವ ದಿನ ಬೆಳಿಗ್ಗೆ ಅದೇ ತಿರುವಿಗೆ ಇನ್ನೊಮ್ಮೆ ಹೋದೆವು. ಹೊಸ ಗುರುತುಗಳೆಲ್ಲ ಮೆಟ್ಟಿಲಿನ ಮೇಲೇ ಹೋಗಿದ್ದವು, ಒಂದು ಬಿಟ್ಟು. ಅದು ಕೊಂಬೆಗಳ ನಡುವಿನ ಸಂದಿಯಲ್ಲಿ ನುಗ್ಗಿತ್ತು. ಬಿದ್ದಿದ್ದ ಕೊಂಬೆಯನ್ನು ಮತ್ತೆ ನೆಟ್ಟು, ಬುಡಕ್ಕೆ ಒಂದು ಕಲ್ಲು ಒತ್ತಿಟ್ಟು ಬಂದೆವು.