ಮೊಡವೆ ಲೆಕ್ಕ: 47ರಿಂದ ಇಲ್ಲಿಯವರೆಗೆ

ವಾರ 0

ಕಾಲೇಜಿನ ಲ್ಯಾಬ್ ರೆಕಾರ್ಡ್‌ನಲ್ಲಿ ಉಳಿದಿದ್ದ ಖಾಲಿ ಹಾಳೆಗಳಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಮುಖವನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ: ಹಣೆ, ಎಡಗೆನ್ನೆ, ಬಲಗೆನ್ನೆ, ಗದ್ದ. ಭಾನುವಾರ ಬೆಳಗ್ಗೆ 8ಕ್ಕೆ ಅಡುಗೆಮನೆ ಕಿಟಕಿ ಪಕ್ಕ ನಿಂತು ಎಣಿಸುವುದು, ಅಲ್ಲೇ ಒಂದು ಫೋಟೋ. ಬಾತ್‌ರೂಮ್ ಬಲ್ಬಿನ ಕೆಳಗೆ ತೆಗೆದ ಫೋಟೋ ಲೆಕ್ಕಕ್ಕಿಲ್ಲ, ಆ ಹಳದಿ ಬೆಳಕಿನಲ್ಲಿ ಯಾರ ಮುಖವಾದರೂ ಚೆನ್ನಾಗೇ ಕಾಣುತ್ತೆ.

ಹಣೆ 19, ಎಡ 8, ಬಲ 11, ಗದ್ದ 9. ಒಟ್ಟು 47.

ಇಷ್ಟಾಗಲು ನಾನೇ ಕಾರಣ. ಆಗಸ್ಟ್‌ನಲ್ಲಿ ಅಕ್ಕನ ನಿಶ್ಚಿತಾರ್ಥ ಇತ್ತು. ಮೆಡಿಕಲ್‌ಗೆ ಹೋಗಿ 'ಮೊಡವೆಗೆ ಏನಾದ್ರೂ ಕೊಡಣ್ಣ' ಅಂದೆ. ಚೀಟಿ ಕೇಳದೆ ಒಂದು ಟ್ಯೂಬ್ ಕೊಟ್ಟರು. ಹತ್ತೇ ದಿನಕ್ಕೆ ಮುಖ ಫಳಫಳ. ಬಿಟ್ಟ ಮೇಲೆ ಹಣೆ ತುಂಬ ಒಂದೇ ಅಳತೆಯ ಕೆಂಪು ಗುಳ್ಳೆ, ರಾಗಿ ಚೆಲ್ಲಿದ ಹಾಗೆ. ಟ್ಯೂಬ್ ತಿರುಗಿಸಿ ಸಣ್ಣಕ್ಷರ ಓದಿದರೆ ಕ್ಲೋಬೆಟಸೋಲ್, ಅಂದರೆ ಭಾರೀ ಸ್ಟೀರಾಯ್ಡ್. ಇಂಥ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ನಿಯಮ ಕಾಗದದಲ್ಲಿ, ಟ್ಯೂಬ್ ಕೌಂಟರ್ ಮೇಲೆ.

ಅಜ್ಜಿಯ ಅಭಿಪ್ರಾಯ: 'ಮದ್ವೆ ಆದ್ರೆ ಮೊಡ್ವೆ ತಾನಾಗೇ ಹೋಗ್ತವೆ ಕಣೋ, ಸುಮ್ಕಿರು.'

ಸುಮ್ಮನಿರದೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಬಿಡಿಸಿ ಹೇಳಿದ್ದು ಇಷ್ಟು. ಕೂದಲ ಬುಡದ ರಂಧ್ರದೊಳಗೆ ಸತ್ತ ಚರ್ಮವೂ ಜಿಡ್ಡೂ ಸೇರಿ ಬಿರಡೆಯಾಗುತ್ತೆ. ಒಳಗೆ ಕಟ್ಟಿಕೊಂಡ ಜಿಡ್ಡಿನಲ್ಲಿ, ಎಲ್ಲರ ಚರ್ಮದಲ್ಲೂ ಇರುವ ಒಂದು ಬ್ಯಾಕ್ಟೀರಿಯಾ ಬೆಳೆಯುತ್ತೆ, ಆಮೇಲೆ ಕೆಂಪು, ಊತ, ಕೀವು. ಬಿರಡೆ ಕಟ್ಟಲು ಶುರುವಾಗಿ ಕಣ್ಣಿಗೆ ಕಾಣುವಷ್ಟು ಆಗಲು ವಾರಗಳೇ ಹಿಡಿಯುತ್ತೆ. ಇವತ್ತು ಕಾಣುವ ಗುಳ್ಳೆ ದೀಪಾವಳಿ ಹೊತ್ತಿಗೇ ಹುಟ್ಟಿರಬಹುದು. ಹಾಗಿದ್ದ ಮೇಲೆ ವಾರಕ್ಕೊಂದು ಕ್ರೀಮ್ ಬದಲಾಯಿಸುತ್ತಿದ್ದ ನಾನು ಯಾವುದನ್ನು ಪರೀಕ್ಷೆ ಮಾಡುತ್ತಿದ್ದೆ?

ಚೀಟಿ: ರಾತ್ರಿ ಅಡಾಪಲೀನ್ 0.1% ಜೆಲ್, ಬಿರಡೆ ಕಟ್ಟದಂತೆ ತಡೆಯಲು. ತಿಂಗಳಾದ ಮೇಲೆ ಬೆಳಗ್ಗೆ ಬೆಂಝಾಯ್ಲ್ ಪೆರಾಕ್ಸೈಡ್ 2.5%, ಬ್ಯಾಕ್ಟೀರಿಯಾ ಕೊಲ್ಲಲು. ಹಗಲು ಸನ್‌ಸ್ಕ್ರೀನ್. ಹನ್ನೆರಡು ವಾರ ಆಗುವವರೆಗೆ ತೀರ್ಪು ಕೊಡಬೇಡಿ ಅಂದರು.

ವಾರ 1

ಬಟಾಣಿ ಕಾಳಿನಷ್ಟು ಜೆಲ್ ಇಡೀ ಮುಖಕ್ಕೆ ಸಾಕು ಅಂದಿದ್ದರು. ಮೊದಲ ದಿನ ನಾನು ಹಿಂಡಿದ್ದು ಅವರೆಕಾಯಿಯಷ್ಟು. ಅದೂ ಮುಖ ತೊಳೆದು ಒದ್ದೆಯಲ್ಲೇ. ಮೂರನೇ ದಿನ ಬಾಯಿಯ ಎರಡೂ ಮೂಲೆ ಸುಲಿದು, ಸಾರು ತಗುಲಿದರೆ ಉರಿ. ಈಗ ಒಂದು ದಿನ ಬಿಟ್ಟು ಒಂದು ದಿನ. ತೊಳೆದು ಇಪ್ಪತ್ತು ನಿಮಿಷ ಒಣಗಲು ಬಿಟ್ಟು, ಗುಳ್ಳೆಯ ಮೇಲಷ್ಟೇ ಚುಕ್ಕಿ ಇಡದೆ ಮುಖಕ್ಕೆಲ್ಲ ತೆಳ್ಳಗೆ. ಇನ್ನೂ ಕಾಣದ ಬಿರಡೆಗೂ ತಲುಪಬೇಕಲ್ಲ.

ವಾರ 3

ಒಟ್ಟು 58. ಹೆಚ್ಚಾಗಿದೆ! ಒಳಗಿದ್ದದ್ದು ಬೇಗ ಹೊರಗೆ ಬರುತ್ತೆ, ಹೆದರಬೇಡಿ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಹೆದರಿದೆ. ಅಮ್ಮ ಬಟ್ಟಲಲ್ಲಿ ನಿಂಬೆರಸ, ಅರಿಶಿನ ಕಲಸಿ ತಂದು ಎದುರಿಗೆ ನಿಂತಳು. ಸುಲಿದ ಚರ್ಮದ ಮೇಲೆ ನಿಂಬೆರಸ ಹಚ್ಚಿದರೆ ಏನಾಗುತ್ತೆ ಅಂತ ತಿಳಿಯಲು ಪ್ರಯೋಗ ಬೇಕಿಲ್ಲ. ಅದನ್ನು ಚಿತ್ರಾನ್ನಕ್ಕೆ ಹಾಕೋಣ ಅಂದೆ, ಮಾತು ಬಿಟ್ಟಳು, ಸಂಜೆವರೆಗೆ.

ವಾರ 6

ಒಟ್ಟು 39. ಹಣೆಯದ್ದೇ ಹೆಚ್ಚು ಇಳಿದಿದೆ. ಆದರೆ ಇದೇ ಹೊತ್ತಿಗೆ ಇನ್ನೆರಡು ಬದಲಾವಣೆ ಮಾಡಿದ್ದೆ: ಬೆಳಗ್ಗೆ ತಲೆಗೆ ಕೊಬ್ಬರಿ ಎಣ್ಣೆ ಮೆತ್ತಿಕೊಂಡು ಹೊರಡುವುದು ಬಿಟ್ಟೆ, ಕ್ಯಾತಸಂದ್ರದಿಂದ ತುಮಕೂರಿನೊಳಗೆ ದಿನಾ ಹಾಕಿಕೊಂಡು ಹೋಗುವ ಹೆಲ್ಮೆಟ್‌ನ ಸ್ಪಂಜನ್ನು ಸೋಪಿನ ನೀರಲ್ಲಿ ತೊಳೆದೆ. ಬಂದ ನೀರು ಟೀ ಬಣ್ಣ. ಮೂರೂ ಒಟ್ಟಿಗೆ ಮಾಡಿದ್ದರಿಂದ ಯಾವುದರಿಂದ ಇಳಿಯಿತು ಅಂತ ಹೇಳುವ ಹಾಗಿಲ್ಲ. ಕೆಟ್ಟ ಪ್ರಯೋಗ, ಒಳ್ಳೆ ಹಣೆ.

ವಾರ 7

ಬೆಂಝಾಯ್ಲ್ ಪೆರಾಕ್ಸೈಡ್ ಶುರು ಮಾಡಿ ಕೆಲವೇ ದಿನ. ಅದು ಬಟ್ಟೆಯ ಬಣ್ಣ ಕೀಳುತ್ತೆ ಅಂತ ಡಬ್ಬಿ ಮೇಲೇ ಬರೆದಿತ್ತು, ಯಾರು ಓದುತ್ತಾರೆ. ಅಮ್ಮನ ಮರೂನ್ ಟವೆಲ್ ಮೇಲೆ ಈಗ ಕಿತ್ತಳೆ ಬಣ್ಣದ ನಾಲ್ಕು ಬೆರಳಿನ ಗುರುತು ಸ್ಪಷ್ಟವಾಗಿದೆ, ಕಿರುಬೆರಳಿನದ್ದು ಸ್ವಲ್ಪ ಮಸುಕು. ಕೈ ಇಟ್ಟು ನೋಡಿದರೆ ಸರಿಯಾಗಿ ಕೂರುತ್ತೆ. ಸಿಕ್ಕಿಬಿದ್ದೆ.

ಇದನ್ನು ಯಾಕೆ ಕೊಟ್ಟರು ಅಂತಲೂ ಕೇಳಿದ್ದೆ. ಆಂಟಿಬಯಾಟಿಕ್ ಜೆಲ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುತ್ತೆ, ಇದಕ್ಕೆ ಹಾಗೆ ಒಗ್ಗುವುದಿಲ್ಲವಂತೆ.

ವಾರ 9

ತಟ್ಟೆ ಇಡ್ಲಿ ಬಿಟ್ಟು ಮೂರು ವಾರ. ರಕ್ತದಲ್ಲಿ ಬೇಗ ಸಕ್ಕರೆ ಏರಿಸುವ ಊಟಕ್ಕೂ ಮೊಡವೆಗೂ ನಂಟಿದೆ ಅನ್ನುವ ಅಧ್ಯಯನಗಳಿವೆ. ನನ್ನ ಲೆಕ್ಕದಲ್ಲಿ ಮಾತ್ರ ಏನೂ ಕಾಣಲಿಲ್ಲ: 33, 31, 32. ಕ್ಯಾತಸಂದ್ರದಲ್ಲಿದ್ದು ತಟ್ಟೆ ಇಡ್ಲಿ ಬಿಡುವುದು ಅಂದರೆ! ಸೋಮವಾರದಿಂದ ಮತ್ತೆ ಶುರು.

ವಾರ 11

ಸಿದ್ಧಗಂಗೆ ಜಾತ್ರೆ. ದನಗಳ ಜಾತ್ರೆಯಲ್ಲಿ ಮಧ್ಯಾಹ್ನವೆಲ್ಲ ಸುತ್ತಿದೆ, ಸನ್‌ಸ್ಕ್ರೀನ್ ಮರೆತು. ಹೊಸ ಗುಳ್ಳೆ ಬರಲಿಲ್ಲ, ಆದರೆ ಎಡಗೆನ್ನೆಯ ಹಳೇ ಕಲೆಗಳು ಒಂದು ಸುತ್ತು ಕಪ್ಪಾದವು. ನಮ್ಮ ಬಣ್ಣದ ಚರ್ಮಕ್ಕೆ ಗುಳ್ಳೆಗಿಂತ ಅದು ಬಿಟ್ಟುಹೋಗುವ ಕಲೆಯದ್ದೇ ದೊಡ್ಡ ತಲೆನೋವು, ಬಿಸಿಲು ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತೆ. ಚಿವುಟಿದ ಗುಳ್ಳೆಗಳ ಕಲೆ ಯಾವುವು ಅಂತ ಈಗ ಫೋಟೋ ನೋಡಿ ಗುರುತಿಸಬಲ್ಲೆ: ಗದ್ದದ ಮೂರೂ.

ವಾರ 12

ಒಟ್ಟು 18. ಡಾಕ್ಟರ್ ಹಾಳೆ ತಿರುವಿ ನೋಡಿ ನಕ್ಕರು. ಜೆಲ್ ನಿಲ್ಲಿಸುವ ಹಾಗಿಲ್ಲ, ಮುಂದುವರಿಸಬೇಕು. ಗಂಟು ಗಂಟಾಗಿ ಆಳಕ್ಕೆ ಇಳಿದು ಗುಳಿ ಬಿಡುವಂಥದ್ದಾಗಿದ್ದರೆ ಐಸೊಟ್ರೆಟಿನೊಯಿನ್ ಮಾತ್ರೆ ಬೇಕಾಗುತ್ತಿತ್ತು, ನಿಮಗೆ ಬೇಡ ಅಂದರು. ಗರ್ಭಿಣಿಯರು ಅದನ್ನು ತೆಗೆದುಕೊಳ್ಳಲೇಬಾರದು, ಮಗುವಿನ ಬೆಳವಣಿಗೆಗೇ ಪೆಟ್ಟು. ಇದನ್ನು ಬರೆದಿಡುತ್ತಿರುವುದು ಅಕ್ಕನಿಗಾಗಿ. ಗೆಳತಿಯ ಮಾತ್ರೆ ಹಂಚಿಕೊಳ್ಳುವ ಯೋಚನೆಯಲ್ಲಿದ್ದಳು.

ವಾರ 16

ಯುಗಾದಿ. ಅಜ್ಜಿ ಬಿಸಿ ಹರಳೆಣ್ಣೆ ಬಟ್ಟಲು ಹಿಡಿದು ಮಣೆ ಹಾಕಿ ಕೂತಿದ್ದಳು, ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಹಣೆಗೆ ಅಡ್ಡ ಆ ಮರೂನ್ ಟವೆಲ್ ಬಿಗಿಯಾಗಿ ಕಟ್ಟಿಕೊಂಡು ಕೂತೆ. ನೆತ್ತಿ ತಟ್ಟುತ್ತಾ ಅಜ್ಜಿ, 'ಮುಖ ಏನೋ ತಿಳಿಯಾಗೈತೆ, ಹೆಣ್ಣು ನೋಡಕ್ಕೆ ಹೇಳ್ಲಾ?' ಅಂದಳು.

ಹಣೆ 3, ಎಡ 2, ಬಲ 4, ಗದ್ದ 2. ಕಲೆಗಳಿಗೆ ಬೇರೆ ಹಾಳೆ ಶುರು ಮಾಡಿದ್ದೇನೆ.