ಕಪ್ಪು ಸೀರೆ, ಐಎಸ್‌ಒ 800

ಬ್ಯಾಗಿನಿಂದ ಸಿಗ್ಮಾ ಡಿಪಿ3 ಮೆರಿಲ್ ಕ್ಯಾಮೆರಾ ಹೊರಗೆ ಬಂದರೆ ನಮ್ಮ ಪ್ರೊಡಕ್ಷನ್‌ನವರ ಮುಖ ಸಣ್ಣಗಾಗುತ್ತದೆ. "ಮತ್ತೆ ಅದೇನಾ? ಬೇರೆ ಬಾಡಿ ಇಲ್ವಾ?" ಇದೆ. ದೊಡ್ಡ ಸೆನ್ಸರ್‌ನ ಒಳ್ಳೆಯ ಫುಲ್ ಫ್ರೇಮ್ ಕ್ಯಾಮೆರಾಗಳಿವೆ. ಮಾಡೆಲ್ ಶೂಟ್, ಬ್ಲೌಸ್ ಕ್ಯಾಟಲಾಗ್ ಎಲ್ಲ ಅವುಗಳಲ್ಲೇ ನಡೆಯುತ್ತದೆ. ಆದರೆ ಕೈಮಗ್ಗದ ಸೀರೆಯ ನೇಯ್ಗೆ ತೋರಿಸಬೇಕು ಅಂದರೆ ನಾನು ಮೆರಿಲ್ ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ.

ಇದು ಹಠ ಅಲ್ಲ. ಸಾಮಾನ್ಯ ಸೆನ್ಸರ್‌ನಲ್ಲಿ ಒಂದು ಪಿಕ್ಸೆಲ್ ಒಂದೇ ಬಣ್ಣ ನೋಡುತ್ತದೆ. ಉಳಿದೆರಡು ಬಣ್ಣ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ನೋಡಿ ಹಾಕಿದ ಲೆಕ್ಕ. ಕೊಡಾಕ್‌ನ ಬ್ರೈಸ್ ಬೇಯರ್‌ಗೆ 1976ರಲ್ಲಿ ಪೇಟೆಂಟ್ ಸಿಕ್ಕ ಈ ಜೋಡಣೆಯೇ ಇವತ್ತಿಗೂ ಬಹುಪಾಲು ಕ್ಯಾಮೆರಾಗಳಲ್ಲಿದೆ. ಇಳಕಲ್ ಸೀರೆಯ ಸಣ್ಣ ಚೌಕಳಿ, ಒತ್ತೊತ್ತಾದ ಗೀರು ಎದುರಾದಾಗ ಆ ಲೆಕ್ಕ ತಪ್ಪುತ್ತದೆ. ಬಟ್ಟೆಯಲ್ಲೇ ಇಲ್ಲದ ಹಸಿರು, ನೇರಳೆ ಪಟ್ಟೆಗಳು ಚಿತ್ರದಲ್ಲಿ ಎದ್ದು ಕೂರುತ್ತವೆ. ಇದಕ್ಕೆ ಮ್ವಾರೆ ಅನ್ನುತ್ತಾರೆ. ರೀಟಚ್ ಮಾಡುವ ಹುಡುಗರನ್ನು ಕೇಳಿ, ಮ್ವಾರೆ ತೆಗೆಯೋದು ಎಂಥ ಕೆಲಸ ಅಂತ.

ಮೆರಿಲ್‌ನ ಫೋವಿಯಾನ್ ಸೆನ್ಸರ್‌ನಲ್ಲಿ ಮೂರು ಪದರಗಳು ಒಂದರ ಕೆಳಗೊಂದು. ನೀಲಿ ಬೆಳಕು ಹೆಚ್ಚಾಗಿ ಸಿಲಿಕಾನ್‌ನ ಮೇಲ್ಭಾಗದಲ್ಲೇ ನಿಂತುಬಿಡುತ್ತದೆ. ಕೆಂಪು ಆಳಕ್ಕೆ ಇಳಿಯುತ್ತದೆ. ಹಾಗಾಗಿ ಪ್ರತಿ ಜಾಗದಲ್ಲೂ ಮೂರು ಬಣ್ಣಗಳ ಮಾಹಿತಿ ಸಿಗುತ್ತದೆ, ಬಣ್ಣದ ಮ್ವಾರೆಯ ಕಾಟವಿಲ್ಲ. ಮೂರೂ ಪದರ ಎಣಿಸಿ ಕಂಪನಿ 46 ಮೆಗಾಪಿಕ್ಸೆಲ್ ಅಂತ ಹೇಳಿ ಮಾರಿತು. ಕೈಗೆ ಬರುವ ಚಿತ್ರ 4704 ಗುಣಿಲೆ 3136, ಅಂದರೆ ಸುಮಾರು 15 ಮೆಗಾಪಿಕ್ಸೆಲ್. ಆದರೂ ಐಎಸ್‌ಒ 100ರಲ್ಲಿ ತೆಗೆದರೆ (ಐಎಸ್‌ಒ ಏರಿಸಿದಷ್ಟೂ ಕಡಿಮೆ ಬೆಳಕು ಸಾಕು) ನೂಲಿನ ಎಳೆ ಎಳೆ ಎಣಿಸಬಹುದು. ಈ ಸೆನ್ಸರ್ ರೂಪಿಸಿದವರಲ್ಲಿ ಒಬ್ಬರಾದ ಡಿಕ್ ಮೆರಿಲ್ 2008ರಲ್ಲಿ ತೀರಿಕೊಂಡರು. ಕ್ಯಾಮೆರಾಗೆ ಇಟ್ಟಿರುವುದು ಅವರ ಹೆಸರನ್ನೇ. ಒಳ್ಳೆಯ ನೇಯ್ಗೆಯ ಚಿತ್ರ ತೆರೆದಾಗಲೆಲ್ಲ ನನಗೆ ಆ ಮನುಷ್ಯನ ಮೇಲೆ ಗೌರವ ಜಾಸ್ತಿಯಾಗುತ್ತದೆ.

ಕಷ್ಟ ಇರುವುದು ಉಳಿದದ್ದರಲ್ಲಿ. ಬ್ಯಾಟರಿ ನೂರು ಚಿತ್ರಕ್ಕೂ ಬರುವುದಿಲ್ಲ, ಅದಕ್ಕೇ ಡಬ್ಬದಲ್ಲೇ ಎರಡು ಕೊಡುತ್ತಿದ್ದರು. ಏಳು ಚಿತ್ರಕ್ಕೆ ಬಫರ್, ಅಂದರೆ ಕ್ಯಾಮೆರಾದೊಳಗಿನ ತಾತ್ಕಾಲಿಕ ಮೆಮೊರಿ, ತುಂಬುತ್ತದೆ. ಆಮೇಲೆ ಕಾರ್ಡಿಗೆ ಬರೆಯುತ್ತಾ ಕೂರುತ್ತದೆ. ಮುಗಿಯುವವರೆಗೆ ಚಿತ್ರ ಹಿಗ್ಗಿಸಿ ನೋಡಲು ಬಿಡುವುದಿಲ್ಲ. ಇದರ ಎಕ್ಸ್‌3ಎಫ್ ಅನ್ನುವ ರಾ ಫೈಲನ್ನು ಎಲ್ಲರೂ ಬಳಸುವ ಲೈಟ್‌ರೂಮ್ ಸಾಫ್ಟ್‌ವೇರ್ ತೆರೆಯುವುದಿಲ್ಲ. ಕಂಪನಿಯದೇ ಸಿಗ್ಮಾ ಫೋಟೋ ಪ್ರೊದಲ್ಲೇ ತೆರೆಯಬೇಕು, ಅದು ಒಂದೊಂದು ಸ್ಲೈಡರ್‌ಗೂ ಯೋಚನೆ ಮಾಡುತ್ತದೆ. ಇದೆಲ್ಲ ಗೊತ್ತಿದ್ದೂ ನಮ್ಮ ಮ್ಯಾನೇಜರ್ ಫುಲ್ ಫ್ರೇಮ್‌ನ ಲೆಕ್ಕದಲ್ಲೇ ಕಾಲ್ ಶೀಟ್ (ಶೂಟಿಂಗ್ ವೇಳಾಪಟ್ಟಿ) ಹಾಕುತ್ತಾರೆ.

ಧಾರವಾಡದ ಒಂದು ಮನೆಯ ಶೂಟ್‌ಗೆ ಹಾಕಿದ್ದೂ ಹಾಗೇ. ಉತ್ತರ ಕರ್ನಾಟಕದ ಹಳೆಯ ಸೀರೆಗಳ ಕ್ಯಾಟಲಾಗ್. ಮನೆಯ ಅಜ್ಜಿ ಪೆಟ್ಟಿಗೆ ತೆಗೆದು ಒಂದೊಂದೇ ಸೀರೆ ಕೊಡುತ್ತಿದ್ದರು. ಬಣ್ಣಕ್ಕೆ ತೊಂದರೆ ಬೇಡ ಅಂತ ಫ್ಲ್ಯಾಶ್ ಇಲ್ಲ, ಎರಡು ಎಲ್‌ಇಡಿ ಪ್ಯಾನೆಲ್, ಅದೂ ಕಡಿಮೆ ಬೆಳಕಿನಲ್ಲಿ. ನಾಲ್ಕಕ್ಕೆ ಮುಗಿಸುತ್ತೇವೆ ಅಂತ ಮ್ಯಾನೇಜರ್ ಮಾತು ಕೊಟ್ಟಿದ್ದರು. ಮನೆಯವರು ಸಂಜೆ ಮದುವೆಗೆ ಹೊರಡಬೇಕಿತ್ತು.

ಕೊನೆಗೆ ಉಳಿದಿದ್ದು ಚಂದ್ರಕಾಳಿ. ಕಪ್ಪು ಸೀರೆ, ಮೈತುಂಬ ಕಸೂತಿ. ಗೋಪುರ, ತೇರು, ಆನೆ. ಗವಂತಿ, ಮುರ್ಗಿ ಹೊಲಿಗೆಯ ಗೆರೆಗಳು ಎರಡೂ ಕಡೆ ಒಂದೇ ಥರ ಕಾಣುವಷ್ಟು ಅಚ್ಚುಕಟ್ಟು. ಕಸೂತಿ ಹಾಕುವವರು ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹಾಕುತ್ತಾರೆ. ಮೆರಿಲ್ ತಂದಿದ್ದೇ ಈ ಒಂದು ಸೀರೆಗೆ ಅಂದರೂ ಸರಿ.

ಬೇರೆ ಸೀರೆಗಳಂತೆ ಇದನ್ನೂ ಕೋಲಿಗೆ ತೂಗುಹಾಕಿದೆವು. ಐಎಸ್‌ಒ 100, ಲೆನ್ಸ್ ತೆರಪು ಎಫ್8, ಅರ್ಧ ಸೆಕೆಂಡ್. ಫ್ಯಾನ್ ಗಾಳಿಗೆ ಸೆರಗು ಸಣ್ಣಗೆ ಅಲುಗುತ್ತಿತ್ತು. ಫ್ಯಾನ್ ಆಫ್ ಮಾಡೋಣ ಅಂದರೆ ಅಜ್ಜಿಗೆ ಆಗಲೇ ಸೆಕೆಗೆ ಸುಸ್ತಾಗಿತ್ತು. ಕೇಳುವ ಮನಸ್ಸಾಗಲಿಲ್ಲ. ಗಂಟೆ ನಾಲ್ಕಾಗಿ ಹೋಗಿತ್ತು. ಬಾಗಿಲಲ್ಲಿ ಕಾರು ಹಾರ್ನ್ ಹಾಕಿತು. ನಾನು ಐಎಸ್‌ಒ 800ಕ್ಕೆ ಏರಿಸಿ, ಹದಿನೈದನೇ ಒಂದು ಸೆಕೆಂಡಿನಲ್ಲಿ ತೆಗೆದೆ. ಏಳು ಚಿತ್ರ. ಬಫರ್ ತುಂಬಿತು. ಅಷ್ಟರಲ್ಲಿ ಬ್ಯಾಟರಿ ಗುರುತು ಕೆಂಪಾಯಿತು.

"ಸರ್, ಬ್ಯಾಟರಿ ಬದಲಾಯಿಸ್ಲಾ?" ಅಸಿಸ್ಟೆಂಟ್ ಆಗಲೇ ಮುಚ್ಚಳಕ್ಕೆ ಬೆರಳಿಟ್ಟಿದ್ದ.

"ಮುಟ್ಟಬೇಡ!" ಬರೆಯುವಾಗ ಬ್ಯಾಟರಿ ಎಳೆದರೆ ಬಫರ್‌ನಲ್ಲಿ ಇದ್ದದ್ದೆಲ್ಲ ಹೋಯಿತು. ಕೆಂಪು ದೀಪ ಮಿನುಗುತ್ತಲೇ ಇತ್ತು. ಮೊಮ್ಮಗ ಬಂದು "ಆತೇನ್ರೀ?" ಅಂದ. ಅಜ್ಜಿಯ ಸೊಸೆ ಸೀರೆ ಇಳಿಸಿ ಮಡಚತೊಡಗಿದರು. ನಾನು ಒಮ್ಮೆ ದೀಪ, ಒಮ್ಮೆ ಬ್ಯಾಟರಿ ಗುರುತು ನೋಡುತ್ತಾ ನಿಂತಿದ್ದೆ. ಬರೆದು ಮುಗಿಯಿತು. ಹಿಂದಿನ ಸ್ಕ್ರೀನ್‌ನಲ್ಲಿ ಚಿತ್ರ ಚೆನ್ನಾಗಿಯೇ ಕಂಡಿತು. ಹಿಗ್ಗಿಸಿ ನೋಡುವ ಮೊದಲೇ ಕ್ಯಾಮೆರಾ ಆರಿತು. ಏಳೂ ಉಳಿದವು, ಗೆದ್ದೆವು ಅಂದುಕೊಂಡೆ. ಅಪಾಯ ಇರುವುದು ಬ್ಯಾಟರಿಯಲ್ಲಿ ಅಂತ ನನ್ನ ಗಮನವೆಲ್ಲ ಅಲ್ಲೇ ಇತ್ತು.

ರಾತ್ರಿ ಲಾಡ್ಜ್‌ನಲ್ಲಿ ಸಿಗ್ಮಾ ಫೋಟೋ ಪ್ರೊ ತೆರೆದೆ. ಕಸೂತಿಯ ಎಳೆಗಳು ಚೂಪಾಗಿದ್ದವು. ಆದರೆ ಕಪ್ಪು ಒಡಲಿನ ತುಂಬ ಹಸಿರು, ನೇರಳೆ ಕಲೆಗಳು, ನೀರು ಬಿದ್ದು ಬಣ್ಣ ಬಿಟ್ಟ ಬಟ್ಟೆಯ ಹಾಗೆ.

ಈ ಸೆನ್ಸರ್‌ನ ಪದರಗಳು ಬಣ್ಣಗಳನ್ನು ಪೂರ್ತಿ ಬೇರ್ಪಡಿಸುವುದಿಲ್ಲ. ಪ್ರತಿ ಪದರದಲ್ಲೂ ಬೇರೆ ಬಣ್ಣದ ಪಾಲು ಬೆರೆತಿರುತ್ತದೆ. ಅದನ್ನು ಸಾಫ್ಟ್‌ವೇರ್ ಲೆಕ್ಕ ಹಾಕಿ ಕಳೆಯಬೇಕು. ಬೆಳಕು ಕಡಿಮೆಯಾದಷ್ಟೂ ಆ ಕಳೆಯುವಿಕೆಯಲ್ಲಿ ನಾಯ್ಸ್, ಅಂದರೆ ಚಿತ್ರದಲ್ಲಿ ಬೇಡದ ಚುಕ್ಕೆ ಕಲೆ, ಹಿಗ್ಗುತ್ತದೆ. ಐಎಸ್‌ಒ 400 ದಾಟಿದರೆ ಮೆರಿಲ್‌ನ ಬಣ್ಣ ನಂಬಬಾರದು ಅಂತ ಬಳಸಿದವರೆಲ್ಲ ಹೇಳುತ್ತಾರೆ. ನನಗೂ ಗೊತ್ತಿತ್ತು. ಬಿಳಿ ಪಂಚೆಯಾಗಿದ್ದರೆ ಹೇಗೋ ದಾಟುತ್ತಿತ್ತು. ಕಪ್ಪು ಬಟ್ಟೆ ಬೆಳಕನ್ನೇ ವಾಪಸ್ ಕೊಡುವುದಿಲ್ಲ, ಅಲ್ವಾ? ಅಲ್ಲಿ 800 ಅಂದರೆ ಚಿತ್ರ ಕಳೆದುಕೊಂಡಂತೆಯೇ.

ಬಣ್ಣದ ಕಲೆ ತಗ್ಗಿಸುವ ಕ್ರೋಮಾ ನಾಯ್ಸ್ ಸ್ಲೈಡರ್ ಎಳೆದರೆ ಕಲೆ ತಗ್ಗಿತು, ಜೊತೆಗೆ ಕಸೂತಿ ದಾರದ ಬಣ್ಣವೂ ಹೋಯಿತು. ಮಾನೋಕ್ರೋಮ್‌ಗೆ ಹಾಕಿ ಮೇಲಿನ ಪದರವನ್ನೇ ಹೆಚ್ಚು ಬಳಸಿದೆ. ತುಂಬಾ ಶುದ್ಧವಾದ ಚಿತ್ರ ಬಂತು. ಮ್ಯಾನೇಜರ್‌ಗೆ ಖುಷಿ. "ಕಪ್ಪು ಸೀರೆ ತಾನೇ? ಬ್ಲ್ಯಾಕ್ ಅಂಡ್ ವೈಟ್‌ನಲ್ಲೇ ಹಾಕೋಣ" ಅಂದರು. ನಾನು ಒಪ್ಪಲಿಲ್ಲ. ಕಪ್ಪಿನ ಮೇಲೆ ಆ ಕೆಂಪು, ಹಸಿರು, ಕಿತ್ತಳೆ ದಾರ ಕಾಣದಿದ್ದರೆ ಅದು ಚಂದ್ರಕಾಳಿ ಹೇಗಾಗುತ್ತದೆ? ಆ ಸೀರೆಯನ್ನು ವರ್ಷಗಟ್ಟಲೆ ಕಾಪಾಡಿದ ಮನೆಯವರಿಗೆ ಏನಂತ ತೋರಿಸುವುದು? ಫೋನಿನಲ್ಲೇ ಜೋರಾಗಿ ಮಾತಾಯಿತು. ಕೊನೆಗೆ ನಾನೇ ಆ ಮನೆಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ.

ಮದುವೆ ಗದ್ದಲ ಮುಗಿದ ಮೇಲೆ ಅಜ್ಜಿ ಮತ್ತೆ ಕರೆದರು. ಈ ಸಲ ಸೀರೆಯನ್ನು ಮೇಜಿನ ಮೇಲೆ ಹಾಸಿದೆವು. ಕ್ಯಾಮೆರಾ ಮೇಲಿನಿಂದ ಕೆಳಗೆ ಮುಖ ಮಾಡಿ, ಐಎಸ್‌ಒ 100, ಒಂದು ಸೆಕೆಂಡ್. ಫ್ಯಾನ್ ಜೋರಾಗಿಯೇ ಓಡುತ್ತಿತ್ತು. ಹಾಸಿದ ಬಟ್ಟೆ ಅಲುಗಲಿಲ್ಲ. ಅಜ್ಜಿ ನೋಡಿ "ಅವತ್ತ ಹಿಂಗ ಹಾಸಿದ್ರ ಆಗ್ತಿತ್ತಲ್ಲಪಾ" ಅಂದರು. ಹೌದು, ಆಗುತ್ತಿತ್ತು. ಅವತ್ತು ನಮ್ಮಲ್ಲಿ ಯಾರಿಗೂ ಅಷ್ಟು ಯೋಚಿಸಲು ಪುರುಸೊತ್ತು ಇರಲಿಲ್ಲ.

ಆಮೇಲೆ ನಾನು ಕೇಳಿದ್ದು ಎರಡೇ. ಕಪ್ಪು, ಕಡುಗೆಂಪು ಸೀರೆಗಳು ಬೆಳಿಗ್ಗೆ ಮೊದಲು ಬರಲಿ. ಒಂದು ಸೀರೆಯ ಚಿತ್ರ ಕಾರ್ಡಿಗೆ ಬರೆದು, ಲ್ಯಾಪ್‌ಟಾಪ್‌ನಲ್ಲಿ ತೆರೆದು ನೋಡುವವರೆಗೆ ಅದನ್ನು ಮಡಚಬಾರದು. ಮ್ಯಾನೇಜರ್ ಇದರ ಬದಲು ಕ್ಯಾಮೆರಾ ಮಾರಿ ಪಿಕ್ಸೆಲ್ ಶಿಫ್ಟ್ ಇರುವ ಬಾಡಿ ತರೋಣ ಅನ್ನುತ್ತಾರೆ. ಅದು ಸೆನ್ಸರನ್ನು ಒಂದೊಂದು ಪಿಕ್ಸೆಲ್ ಸರಿಸಿ ನಾಲ್ಕು ಚಿತ್ರ ತೆಗೆದು ಸೇರಿಸುತ್ತದೆ. ಮೇಜಿನ ಮೇಲಿನ ಬಟ್ಟೆಗೆ ಚೆನ್ನಾಗಿದೆ, ನಾನೂ ಬೇಡ ಅನ್ನಲ್ಲ. ತೂಗುಹಾಕಿದ ಸೀರೆಗೆ ಅದೂ ಕೈಕೊಡುತ್ತದೆ. ನಾಲ್ಕು ಚಿತ್ರದ ನಡುವೆ ಸೆರಗು ಕೂದಲೆಳೆಯಷ್ಟು ಅಲುಗಿದರೂ ಮುಗಿಯಿತು. ಫುಲ್ ಫ್ರೇಮ್ ಫೋವಿಯಾನ್ ತರುತ್ತೇವೆ ಅಂತ ಸಿಗ್ಮಾ 2018ರಲ್ಲಿ ಹೇಳಿತ್ತು. 2021ರಲ್ಲಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೇವೆ ಅಂದಿತು. ಅದನ್ನು ನಂಬಿ ಕೂರುವ ಹಾಗಿಲ್ಲ.

ಮುಂದಿನ ಕೆಲಸ ಮೊಳಕಾಲ್ಮೂರು ರೇಷ್ಮೆ. ಕಾಲ್ ಶೀಟ್ ಬಂದಿದೆ, ಮತ್ತೆ ಅದೇ ಫುಲ್ ಫ್ರೇಮ್ ಲೆಕ್ಕ. ಒಂದು ದಿನ ಜಾಸ್ತಿ ಸೇರಿಸಿ ಅಂತ ಬರೆದು ಬೆಳಿಗ್ಗೆಯೇ ವಾಪಸ್ ಕಳಿಸಿದ್ದೇನೆ.