ಯಾವ ಸಭೆಗೆ ಸೇರಬೇಕು?

ಬೆಂಗಳೂರಿಗೆ ಬಂದು ನೆಲೆಸುವ ಕ್ರೈಸ್ತ ಕುಟುಂಬಗಳು ಮನೆ, ಶಾಲೆಗಳನ್ನು ಗೊತ್ತುಮಾಡಿಕೊಂಡ ಮೇಲೆ ಕೇಳುವ ಪ್ರಶ್ನೆ, ಭಾನುವಾರ ಯಾವ ದೇವಾಲಯಕ್ಕೆ ಹೋಗುವುದು ಎಂಬುದು. ಸಿಗುವ ಸಲಹೆಗಳು ಬಹುಪಾಲು ಒಂದೇ ಬಗೆಯವು: ಅಲ್ಲಿ ಕಾರು ನಿಲ್ಲಿಸಲು ಜಾಗವಿದೆ, ಇಲ್ಲಿ ಆರಾಧನೆ ಬೇಗ ಮುಗಿಯುತ್ತದೆ, ಇನ್ನೊಂದು ಕಡೆ ಹಾಡುವ ತಂಡ ಚೆನ್ನಾಗಿದೆ, ಮತ್ತೊಂದು ಕಡೆಗೆ ಈಗ ಎಲ್ಲರೂ ಹೋಗುತ್ತಿದ್ದಾರೆ. ಅಲ್ಲಿ ಸುವಾರ್ತೆಯನ್ನು ಹೇಗೆ ಬೋಧಿಸುತ್ತಾರೆಂದು ಹೇಳುವವರು ಅಪರೂಪ, ಕೇಳುವವರೂ ಅಪರೂಪ. ಮನೆ ಬದಲಿಸಿದಾಗ ನನ್ನ ಹೆಂಡತಿಯೂ ನಾನೂ ಇದನ್ನು ಬಹಳ ದಿನ ಚರ್ಚಿಸಿದೆವು. ಆಗ ಗಟ್ಟಿಯಾದ ನಿಲುವನ್ನು ಇಲ್ಲಿ ಬರೆಯುತ್ತಿದ್ದೇನೆ.

ಯೆರೂಸಲೇಮಿನ ಮೊದಲ ವಿಶ್ವಾಸಿಗಳು ಅಪೊಸ್ತಲರ ಬೋಧನೆ, ಸಹವಾಸ, ರೊಟ್ಟಿ ಮುರಿಯುವುದು ಮತ್ತು ಪ್ರಾರ್ಥನೆ ಇವುಗಳಲ್ಲಿ ನಿರತರಾಗಿದ್ದರೆಂದು ಅಪೊಸ್ತಲರ ಕೃತ್ಯಗಳ 2ನೆಯ ಅಧ್ಯಾಯ ತಿಳಿಸುತ್ತದೆ. ಸಭೆಯನ್ನು ಅಳೆಯಲು ನನಗೆ ಇದಕ್ಕಿಂತ ಮೇಲಾದ ಅಳತೆಗೋಲು ಕಂಡಿಲ್ಲ. ಬೋಧನೆಯನ್ನೇ ಮೊದಲು ನೋಡೋಣ. ಬೆರೋಯದವರು ಪೌಲನ ಮಾತನ್ನು ಕೂಡ ಶಾಸ್ತ್ರಗ್ರಂಥಗಳೊಂದಿಗೆ ದಿನದಿನವೂ ತಾಳೆನೋಡಿದರು, ಅದಕ್ಕಾಗಿಯೇ ಹೊಗಳಿಸಿಕೊಂಡರು. ಪ್ರಸಂಗ ಮಾಡುವವರು ಓದಿದ ವಾಕ್ಯವನ್ನು ಕೊನೆಯವರೆಗೂ ಹಿಡಿದು ವಿವರಿಸುತ್ತಾರೆಯೇ, ಅಥವಾ ಅದನ್ನು ಓದಿ ಬದಿಗಿಟ್ಟು ಆಶೀರ್ವಾದ, ಬಡ್ತಿ, ವೀಸಾಗಳ ಕಡೆಗೆ ಹೊರಳುತ್ತಾರೆಯೇ ಎಂಬುದು ಕೆಲವು ಭಾನುವಾರಗಳಲ್ಲೇ ತಿಳಿದುಬಿಡುತ್ತದೆ. ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳಲ್ಲಿ ಪ್ರತಿ ಭಾನುವಾರ ಓದಬೇಕಾದ ಸತ್ಯವೇದದ ಪಾಠಗಳನ್ನು ಮೊದಲೇ ಗೊತ್ತುಮಾಡಿರುವುದನ್ನು ಯುವಕರು ಹಳೆಯ ಪದ್ಧತಿಯೆಂದು ದೂರುವುದುಂಟು. ಆದರೆ ಸಭಾಪಾಲಕರಾದ ಅಯ್ಯನವರು ತಾವಾಗಿ ಎಂದೂ ಆರಿಸಿಕೊಳ್ಳದ ವಾಕ್ಯಗಳೂ, ಅಂದರೆ ಕೂಲಿಯನ್ನು ಹಿಡಿದಿಟ್ಟುಕೊಂಡವರಿಗೆ ಯಾಕೋಬನು ಹೇಳಿದಂಥ ಕಟುವಾದ ಮಾತುಗಳೂ, ಆ ಕ್ರಮದಿಂದಲೇ ನಮ್ಮ ಕಿವಿಗೆ ಬೀಳುತ್ತವೆ.

ಯೇಸುವಿನ ನೆನಪಿಗಾಗಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ದಿನ ಒಂದು ಸಭೆಯನ್ನು ನೋಡಿದರೆ ಇನ್ನೂ ಹೆಚ್ಚು ತಿಳಿಯುತ್ತದೆ. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು, ಇಲ್ಲದವರು ಹಸಿದಿರುವುದನ್ನು ಕಂಡ ಪೌಲನು ಅದು ಕರ್ತನ ಭೋಜನವೇ ಅಲ್ಲವೆಂದನು. ನಾವು ಈಗ ಹೋಗುವ ಸಭೆಯಲ್ಲಿ, ನಿವೃತ್ತ ಅಧಿಕಾರಿಯೊಬ್ಬರ ಪಕ್ಕದಲ್ಲಿ ಅವರದೇ ಬಡಾವಣೆಯಲ್ಲಿ ಮನೆಗೆಲಸ ಮಾಡುವ ತಾಯಿಯೊಬ್ಬರು ಮೊಣಕಾಲೂರಿ, ಸೆರಗನ್ನು ತಲೆಯ ಮೇಲೆಳೆದುಕೊಂಡು, ಅದೇ ಪಾತ್ರೆಯಿಂದ ಕುಡಿದದ್ದನ್ನು ನೋಡಿದೆ. ಆರಾಧನೆ ಮುಗಿದ ಮೇಲೆ ಆ ಅಧಿಕಾರಿ ಅವರನ್ನು ಹೆಸರು ಹಿಡಿದು ಮಾತನಾಡಿಸಿ, ಆಸ್ಪತ್ರೆಯಲ್ಲಿದ್ದ ಮಗನ ಬಗ್ಗೆ ವಿಚಾರಿಸಿದರು. ನಾವು ಅಲ್ಲೇ ಸೇರಬೇಕೆಂಬ ನನ್ನ ತೀರ್ಮಾನಕ್ಕೆ ಯಾವ ಪ್ರಸಂಗಕ್ಕಿಂತಲೂ ಹೆಚ್ಚು ಕಾರಣವಾದದ್ದು ಇದು.

ಜನ ಹೆಚ್ಚು ಸೇರುವ ಕಡೆ ದೇವರ ಅನುಗ್ರಹವೂ ಹೆಚ್ಚೆಂಬ ವಾದವನ್ನು ನಾನು ಒಪ್ಪಲಾರೆ. ಜರ್ಮನಿಯ ಪ್ರೊಟೆಸ್ಟಂಟ್ ಸಭೆಗಳಲ್ಲಿ 1933ರ ಜುಲೈನಲ್ಲಿ ನಡೆದ ಚುನಾವಣೆಯಲ್ಲಿ, ಹಿಟ್ಲರನ ಬೆಂಬಲವಿದ್ದ ‘ಜರ್ಮನ್ ಕ್ರೈಸ್ತರು’ ಎಂಬ ಗುಂಪು ಭಾರಿ ಬಹುಮತ ಗಳಿಸಿತು. ಅದೇ ಸೆಪ್ಟೆಂಬರಿನಲ್ಲಿ ಜರ್ಮನಿಯ ಪ್ರಷ್ಯ ಪ್ರಾಂತದ ಸಭೆಯ ಸಿನಡ್ (ಆಡಳಿತ ಮಂಡಳಿ), ಯೆಹೂದಿ ಮೂಲದವರನ್ನು ಸಭಾಸೇವೆಯಿಂದ ಹೊರಗಿಡುವ ನಿಯಮವನ್ನು ಅಂಗೀಕರಿಸಿತು. ಮರುವರ್ಷ ಮೇ ತಿಂಗಳಲ್ಲಿ ಆ ಗುಂಪನ್ನು ವಿರೋಧಿಸಿ ಬಾರ್ಮೆನ್‌ ಊರಿನಲ್ಲಿ ಕೂಡಿದ ಸಭಾ ಪ್ರತಿನಿಧಿಗಳು, ಸಭೆ ಕಿವಿಗೊಟ್ಟು ವಿಧೇಯವಾಗಬೇಕಾದ ದೇವರ ಏಕೈಕ ವಾಕ್ಯ ಯೇಸು ಕ್ರಿಸ್ತನೆಂದು ಬಹಿರಂಗವಾಗಿ ಸಾರಿದರು. ಆ ಪಕ್ಷದಲ್ಲಿ ನಿಂತ ಸಭಾಪಾಲಕರಲ್ಲಿ ಹಲವರು ಸೆರೆಮನೆ ಕಂಡರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಮೂಲಕ ಜರ್ಮನ್ ಭಾಷಿಕ ಸಭೆಗಳೊಂದಿಗೆ ನಂಟಿರುವ ಕನ್ನಡ ಕ್ರೈಸ್ತರಾದ ನಾವು ಈ ಚರಿತ್ರೆಯನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಹಾಗೆಂದು ಚಿಕ್ಕ ಸಭೆಯೆಲ್ಲ ನಂಬಿಗಸ್ತವೆಂದಲ್ಲ. ಸತ್ಯವೇದದ ಪ್ರಕಟನೆ ಗ್ರಂಥದ ಏಳು ಸಭೆಗಳಲ್ಲಿ ಗದರಿಕೆಯಿಲ್ಲದೆ ಉಳಿದವು ಬಡತನದ ಸ್ಮುರ್ನ ಮತ್ತು ಸ್ವಲ್ಪವೇ ಶಕ್ತಿಯಿದ್ದ ಫಿಲದೆಲ್ಫಿಯ, ಐಶ್ವರ್ಯದ ಲವೊದಿಕೀಯಕ್ಕೆ ಹೊಗಳಿಕೆಯೇ ಸಿಗಲಿಲ್ಲ, ನಿಜ. ಆದರೂ ಚಿಕ್ಕ ಸಭೆಗಳಲ್ಲೂ ಒಂದೆರಡು ಮನೆತನಗಳ ದರ್ಬಾರು, ಜಾತಿಯ ಲೆಕ್ಕಾಚಾರ, ಆಸ್ತಿಯ ಜಗಳ ನಡೆಯುತ್ತವೆ. ತಪ್ಪಿಲ್ಲದ ಸಭೆಯನ್ನು ಹುಡುಕುತ್ತ ಹೊರಟವರು ಎಲ್ಲಿಯೂ ನಿಲ್ಲಲಾರರು. ಕೊರಿಂಥವನ್ನು ಅಷ್ಟು ಗದರಿಸಿದ ಪೌಲನೇ ಅದನ್ನು ದೇವರ ಸಭೆಯೆಂದು ಕರೆದನಲ್ಲ! ನಾನು ನೋಡುವುದು, ತಪ್ಪನ್ನು ಎತ್ತಿ ತೋರಿಸಿದಾಗ ಸಭೆ ಏನು ಮಾಡುತ್ತದೆ ಎಂಬುದನ್ನು. ಕಾಣಿಕೆಯ ಲೆಕ್ಕವನ್ನು ಸದಸ್ಯರ ಮುಂದೆ ಓದುತ್ತಾರೆಯೇ? ಪ್ರಶ್ನೆ ಕೇಳಿದವರನ್ನು ಅಭಿಷಿಕ್ತರ ವಿರೋಧಿಗಳೆಂದು ಬಾಯಿ ಮುಚ್ಚಿಸುತ್ತಾರೆಯೇ? ಹಿಂದೆ ನಾವು ಕೆಲಕಾಲ ಹೋಗುತ್ತಿದ್ದ ದೊಡ್ಡ ಸಭೆಯೊಂದರಲ್ಲಿ ಇಂಥ ಪ್ರಶ್ನೆಗೆ ದೊರೆತ ಉತ್ತರವೇ ನಮ್ಮನ್ನು ಹೊರಗೆ ಕಳುಹಿಸಿತು.

ಅನುಕೂಲವನ್ನು ನಾನು ಪಾಪವೆನ್ನುವುದಿಲ್ಲ. ಮಂಡಿನೋವಿನ ನನ್ನ ಅತ್ತೆಯವರು ಎರಡು ಬಸ್ಸು ಬದಲಿಸಿ ನಮ್ಮೊಂದಿಗೆ ಬರುವುದು ಸಾಧ್ಯವಿಲ್ಲದ್ದರಿಂದ ಮನೆಗೆ ಹತ್ತಿರದ ಸಭೆಗೆ ಹೋಗುತ್ತಾರೆ. ಅಲ್ಲಿ ವಾಕ್ಯ ಸರಿಯಾಗಿ ಬೋಧಿಸಲ್ಪಡುತ್ತದೆಯೇ ಎಂದು ಅವರೂ ಮೊದಲು ವಿಚಾರಿಸಿಕೊಂಡೇ ಸೇರಿದರು. ಮಗಳಿಗೆ ಮಾತ್ರ ಗೆಳತಿಯರೆಲ್ಲ ಬೇರೆ ಕಡೆ ಹೋಗುವ ಬೇಸರವಿದೆ. ಆ ಬೇಸರವನ್ನು ಅಲ್ಲಗಳೆಯದೆ, ನಾವು ಇಲ್ಲೇ ಏಕೆ ಉಳಿದೆವೆಂಬುದನ್ನು ಅವಳಿಗೆ ವಿವರಿಸುತ್ತಿದ್ದೇವೆ, ಮತ್ತು ಅವಳು ಕೇಳುವ ಪ್ರತಿಯೊಂದು ಪ್ರಶ್ನೆಗೂ ಸತ್ಯವೇದವನ್ನು ತೆರೆದಿಟ್ಟುಕೊಂಡೇ ಉತ್ತರ ಕೊಡುತ್ತಿದ್ದೇವೆ.